ಲೆಕ್ಕ ಕಲಿಸಿದ ಜೂಜುಗಾರ

ನಮ್ಮೂರು ನಿಡೋಣಿಯಲ್ಲಿ ಟ್ರ್ಯಾಕ್ಟರ್ ಇದ್ದವರಿಗೆಲ್ಲ ಒಂದು ಕಬ್ಬಿಣದ ಶಾಫ್ಟ್ ಗೊತ್ತು. ಟ್ರ್ಯಾಕ್ಟರ್‌ನ ಶಕ್ತಿಯನ್ನು ಹಿಂದಿನ ರೋಟಾವೇಟರ್‌ಗೆ ಮುಟ್ಟಿಸುವುದು ಅದೇ. ಹೊಲ ಏರುಪೇರಾಗಿದ್ದರೂ ಅದರ ಎರಡು ತುದಿಯ ಕೀಲುಗಳು ಬಾಗಿಕೊಂಡೇ ತಿರುಗುತ್ತವೆ. ಮೆಕ್ಯಾನಿಕಲ್ ಪುಸ್ತಕಗಳಲ್ಲಿ ಇಂಥದ್ದಕ್ಕೆ ಕಾರ್ಡನ್ ಶಾಫ್ಟ್ ಎಂಬ ಹೆಸರಿದೆ. ಬಿಇಯಲ್ಲಿ ಮೊದಲ ಸಲ ಓದಿದಾಗ ಕಾರ್ಡನ್ ಎಂದರೆ ಯಾವುದೋ ಕಂಪನಿ ಇರಬೇಕು ಅಂದುಕೊಂಡಿದ್ದೆ. ಅದು ಒಬ್ಬ ಮನುಷ್ಯನ ಹೆಸರೆಂದು ಆಮೇಲೆ ತಿಳಿಯಿತು. ಇಟಲಿಯ ವೈದ್ಯ, ಗಣಿತಜ್ಞ, ಜೊತೆಗೆ ಸುಮಾರು 25 ವರ್ಷ ಬಿಡದೆ ಆಡಿದ ಜೂಜುಗಾರ ಜಿರೊಲಾಮೊ ಕಾರ್ಡಾನೊ.

ಅವನ ಬದುಕನ್ನು ಹುಡುಕಿ ಓದಲು ನನಗೊಂದು ಕಾರಣವಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

1501ರ ಸೆಪ್ಟೆಂಬರ್ 24ರಂದು ಪಾವಿಯಾ ಎಂಬ ಊರಿನಲ್ಲಿ ಕಾರ್ಡಾನೊ ಹುಟ್ಟಿದ. ತಂದೆ ಫಾಜಿಯೊ ಮಿಲಾನ್ ನಗರದ ವಕೀಲ. ಲಿಯೊನಾರ್ಡೊ ಡ ವಿಂಚಿ ಕೂಡ ಸಲಹೆ ಕೇಳುವಷ್ಟು ಜ್ಯಾಮಿತಿ ಬಲ್ಲವನು. ಆದರೆ ಮಗ ಹುಟ್ಟಿದಾಗ ತಂದೆ–ತಾಯಿಗೆ ಮದುವೆಯಾಗಿರಲಿಲ್ಲ. ಆ ಒಂದು ಮಾತು ಅವನನ್ನು ಬಹಳ ವರ್ಷ ಕಾಡಿತು. ಪಾವಿಯಾ, ಪಾದುವಾಗಳಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದಾಗ ತಂದೆ ತೀರಿಕೊಂಡ. ಕೈಗೆ ಬಂದ ಹಣ ಬೇಗ ಕರಗಿತು. ಆಗ ಓದಿನ ಖರ್ಚಿಗೆ ಅವನು ನೆಚ್ಚಿದ್ದು ದಾಳ, ಇಸ್ಪೀಟು ಮತ್ತು ಚದುರಂಗವನ್ನು. ಎದುರು ಕುಳಿತವರಿಗಿಂತ ಲೆಕ್ಕ ಚೆನ್ನಾಗಿ ಗೊತ್ತಿದ್ದರಿಂದ ಹೆಚ್ಚಾಗಿ ಗೆಲ್ಲುತ್ತಿದ್ದ.

ಪದವಿ ಕೈಗೆ ಬಂತು, ಕೆಲಸ ಬರಲಿಲ್ಲ. ಹುಟ್ಟಿನ ನೆಪ ಹೇಳಿ ಮಿಲಾನಿನ ವೈದ್ಯರ ಸಂಘ ಅವನನ್ನು ಸೇರಿಸಿಕೊಳ್ಳಲಿಲ್ಲ. ಹಳ್ಳಿಯೊಂದಕ್ಕೆ ಹೋಗಿ ವೈದ್ಯಕೀಯ ಮಾಡಿದ, 1531ರಲ್ಲಿ ಮದುವೆಯಾದ. ಸಂಪಾದನೆ ಸಾಲಲಿಲ್ಲ. ಮತ್ತೆ ಜೂಜಿಗೆ ಕುಳಿತ. ಈ ಸಲ ಲೆಕ್ಕವೂ ಕೈಹಿಡಿಯಲಿಲ್ಲ. ಹೆಂಡತಿಯ ಒಡವೆ ಹೋದವು, ಮನೆಯ ಸಾಮಾನು ಹೋದವು. ಕೊನೆಗೆ ಆ ಕುಟುಂಬ ಮಿಲಾನಿನ ಬಡವರ ಆಶ್ರಯಮನೆಯ ಬಾಗಿಲಿಗೆ ಬಂತು. 1534ರಲ್ಲಿ ಗಣಿತ ಪಾಠ ಹೇಳುವ ಕೆಲಸ ಸಿಕ್ಕ ಮೇಲೆಯೇ ಉಸಿರು ಬಿಟ್ಟದ್ದು. ವೈದ್ಯರ ಸಂಘ ಬಾಗಿಲು ತೆರೆದದ್ದು 1539ರಲ್ಲಿ.

ಆಟದ ಮೇಜಿನ ನಡತೆಯನ್ನು ಅವನು ಪೆಟ್ಟು ತಿಂದೇ ಕಲಿತ. ವೆನಿಸ್‌ನಲ್ಲಿ ಒಬ್ಬನ ಮನೆಯಲ್ಲಿ ಎರಡು ದಿನ ಎಲೆ ಆಡಿದ. ಸೋಲುತ್ತಲೇ ಹೋದಾಗ ಎಲೆಗಳಿಗೆ ಗುರುತು ಹಾಕಿರುವುದು ಕಣ್ಣಿಗೆ ಬಿತ್ತು. ಸಿಟ್ಟಿನಲ್ಲಿ ಚಾಕು ತೆಗೆದು ಮನೆಯವನ ಮುಖಕ್ಕೆ ಗಾಯ ಮಾಡಿ, ಹಣ ಕಸಿದುಕೊಂಡು ಓಡಿದ. ಕತ್ತಲಲ್ಲಿ ಕಾಲುವೆಗೆ ಬಿದ್ದ. ದೋಣಿಯವರು ಮೇಲೆತ್ತಿದರೆ, ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಅಲ್ಲಿ ಕುಳಿತಿದ್ದವನು ಅದೇ ಮನೆಯವನು! ಅವನೇ ಒಣಬಟ್ಟೆ ಕೊಟ್ಟ. ಇಬ್ಬರೂ ಒಂದೇ ದೋಣಿಯಲ್ಲಿ ಪಾದುವಾಕ್ಕೆ ಹೋದರು. ಇದನ್ನು ತನ್ನ ಆತ್ಮಕಥೆಯಲ್ಲಿ ಕಾರ್ಡಾನೊನೇ ಬರೆದುಕೊಂಡಿದ್ದಾನೆ.

ಈ ಅನುಭವಗಳನ್ನೆಲ್ಲ ಸೇರಿಸಿ ಅವನು ಜೂಜಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಎರಡು ದಾಳ ಎಸೆದರೆ ಒಟ್ಟು 36 ಸಾಧ್ಯತೆ, ಮೂರಕ್ಕೆ 216 ಎಂದು ಎಣಿಸಿ ತೋರಿಸಿದ. ಎರಡು ದಾಳಗಳಲ್ಲಿ ಮೊತ್ತ ಹತ್ತು ಬರಲು ಮೂರೇ ದಾರಿ, ಒಂಬತ್ತು ಬರಲು ನಾಲ್ಕು. ನಾವು ಇಂದು ಪರೀಕ್ಷೆಗೆ ಬರೆಯುವ ಸಂಭವನೀಯತೆಯ ಮೊದಲ ಪಾಠ ಇದು. ಪ್ರಿಮೇರೊ ಎಂಬ ಎಲೆಯಾಟವನ್ನೂ ಅಲ್ಲಿ ವಿವರಿಸಿದ್ದಾನೆ. ಅದು ಪೋಕರ್‌ನ ಹಿರಿಯ ಬಂಧು. ಕೈಯಲ್ಲಿರುವ ಎಲೆ ಮುಚ್ಚಿಟ್ಟು ಪಣ ಏರಿಸುವ ಆಟ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆ ಪುಸ್ತಕದ ನೀತಿಯ ಭಾಗ. ಆಟಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸಮಾನ ಸ್ಥಿತಿ ಎನ್ನುತ್ತಾನೆ ಕಾರ್ಡಾನೊ. ದಾಳ ಸಮ ಇದ್ದರೆ ಸಾಲದು. ಎದುರಾಳಿ, ಹಣ, ಸುತ್ತ ನಿಂತು ನೋಡುವವರು, ಎಲ್ಲವೂ ಸಮ ಇರಬೇಕು. ತಕ್ಕಡಿ ಎದುರಿನವನ ಕಡೆ ವಾಲಿದ್ದರೂ ಆಡುವವನು ಮೂರ್ಖ. ತನ್ನ ಕಡೆ ವಾಲಿದ್ದು ಗೊತ್ತಿದ್ದೂ ಆಡುವವನು ಅನ್ಯಾಯಗಾರ. ಪಣ ಸಣ್ಣದಿರಲಿ, ಆಟ ಅಪರೂಪಕ್ಕಿರಲಿ, ಸಿಟ್ಟು ಬಂದಾಗ ಬೇಡ ಎನ್ನುತ್ತಾನೆ. ಸಾಬೂನು ಸವರಿದ ಎಲೆ, ಉಂಗುರದೊಳಗಿನ ಕನ್ನಡಿಯ ಬಗ್ಗೆ ಎಚ್ಚರಿಸುತ್ತಾನೆ. ವೈದ್ಯನೋ ವಕೀಲನೋ ಗೆದ್ದರೆ ಜೂಜುಕೋರ ಎನ್ನಿಸಿಕೊಳ್ಳುತ್ತಾನೆ, ಸೋತರೆ ತನ್ನ ಕಸುಬಿನಲ್ಲೂ ದಡ್ಡನಿರಬಹುದು ಎನ್ನಿಸಿಕೊಳ್ಳುತ್ತಾನೆ ಎಂಬುದು ಅವನ ಲೆಕ್ಕ. ಜೂಜಿನಿಂದ ಸಿಗುವ ದೊಡ್ಡ ಲಾಭ ಆಡದೆ ಇರುವುದೇ ಎಂಬ ಮಾತನ್ನೂ ಬರೆದಿದ್ದಾನೆ, ತಾನು ಆಡುತ್ತಲೇ!

1545ರಲ್ಲಿ ಬಂದ ಅವನ ‘ಆರ್ಸ್ ಮಾಗ್ನಾ’ ಯುರೋಪಿನಲ್ಲಿ ಹೆಸರು ಮಾಡಿತು. ಘನ ಸಮೀಕರಣ ಬಿಡಿಸುವ ಬಗೆ ಅದರಲ್ಲಿತ್ತು. ಋಣಸಂಖ್ಯೆಯ ವರ್ಗಮೂಲ ಇಟ್ಟುಕೊಂಡು ಲೆಕ್ಕ ಮಾಡುವ ಧೈರ್ಯವೂ ಇತ್ತು. ಇಂದು ಎಸಿ ಸರ್ಕ್ಯೂಟ್ ಲೆಕ್ಕಕ್ಕೆ ನಮಗೆ ಅಂಥ ಸಂಖ್ಯೆಗಳೇ ಬೇಕು. ಇಲ್ಲಿಯೂ ಒಂದು ಕಲೆ ಉಳಿಯಿತು. ಆ ಬಗೆಯನ್ನು ಹೇಳಿಕೊಟ್ಟ ತಾರ್ತಾಲಿಯಾನಿಗೆ ಅದನ್ನು ಪ್ರಕಟಿಸುವುದಿಲ್ಲ ಎಂದು ಆಣೆ ಮಾಡಿದ್ದ. ಆಮೇಲೆ ಡೆಲ್ ಫೆರೊ ಎಂಬಾತ ಅದನ್ನು ಮೊದಲೇ ಕಂಡುಹಿಡಿದಿದ್ದ ಕಾಗದಗಳನ್ನು ನೋಡಿ, ಇಬ್ಬರ ಹೆಸರನ್ನೂ ಹೇಳಿಯೇ ಅಚ್ಚು ಹಾಕಿಸಿದ. ತಾರ್ತಾಲಿಯಾ ಕ್ಷಮಿಸಲಿಲ್ಲ. ನಿಯಮದ ಸಂದಿಯಲ್ಲಿ ನುಸುಳಿದರೂ ಕೊಟ್ಟ ಮಾತು ಮುರಿದದ್ದು ಮುರಿದದ್ದೇ.

ವೈದ್ಯನಾಗಿಯೂ ಅವನ ಕೀರ್ತಿ ದೊಡ್ಡದು. 1552ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್‌ರ ಉಬ್ಬಸಕ್ಕೆ ಚಿಕಿತ್ಸೆ ಮಾಡಿ ಬಂದ. ಮನೆಯೊಳಗೆ ಮಾತ್ರ ಸೋಲಿನ ಮೇಲೆ ಸೋಲು. ಹೆಂಡತಿಗೆ ವಿಷ ಹಾಕಿದ ಅಪರಾಧಕ್ಕೆ ಹಿರಿಯ ಮಗನಿಗೆ 1560ರಲ್ಲಿ ಮರಣದಂಡನೆಯಾಯಿತು. ಕಿರಿಯ ಮಗ ಆಲ್ಡೊ ಜೂಜಿಗಾಗಿ ಅಪ್ಪನ ಮನೆಯಲ್ಲೇ ಕಳ್ಳತನ ಮಾಡಿದ. ಅಪ್ಪನೇ ದೂರು ಕೊಟ್ಟು ಅವನನ್ನು ಊರು ಬಿಡಿಸಬೇಕಾಯಿತು. 1570ರಲ್ಲಿ ಧರ್ಮನ್ಯಾಯಾಲಯ ಕಾರ್ಡಾನೊನನ್ನು ಕೆಲವು ತಿಂಗಳು ಜೈಲಿಗೆ ಹಾಕಿತು. 1576ರ ಸೆಪ್ಟೆಂಬರ್ 21ರಂದು ರೋಮ್‌ನಲ್ಲಿ ತೀರಿಕೊಂಡ. ಜೂಜಿನ ಪುಸ್ತಕ ಅಚ್ಚಾದದ್ದು 1663ರಲ್ಲಿ, ಅವನು ಸತ್ತು 87 ವರ್ಷಗಳಾದ ಮೇಲೆ.

ಈಗ ನನ್ನ ಕಾರಣ. ವಿಜಯಪುರದ ನಮ್ಮ ಬಾಡಿಗೆ ಕೋಣೆಯಲ್ಲಿ ಶನಿವಾರ ರಾತ್ರಿ ತೀನ್ ಪತ್ತಿ ನಡೆಯುತ್ತಿತ್ತು. ಬರುವವರು ಅವರೇ ಐದು ಮಂದಿ. ನಮಗೂ ಪದ್ಧತಿಗಳಿದ್ದವು. ಪ್ಯಾಕ್ ಮಾಡಿದವನ ಎಲೆ ಮುಟ್ಟಬಾರದು, ಗೆದ್ದ ತಕ್ಷಣ ಏಳಬಾರದು, ಮೇಜಿನ ಜಗಳ ಕಾಲೇಜಿಗೆ ಒಯ್ಯಬಾರದು. ನಾವು ಸಭ್ಯಸ್ಥರು ಎಂದೇ ತಿಳಿದಿದ್ದೆವು. ಆದರೆ ಮೂರು ಎಲೆಯ ಒಟ್ಟು 22,100 ಜೋಡಣೆಗಳಲ್ಲಿ ಟ್ರಯಲ್ ಬರುವುದು 52 ಸಲ ಮಾತ್ರ, 16,440ರಲ್ಲಿ ಜೋಡಿ ಕೂಡ ಇರುವುದಿಲ್ಲ ಎಂದು ನಾನು ಲೆಕ್ಕ ಹಾಕಿ ಬಂದಿದ್ದೆ. ಎದುರಿಗಿದ್ದ ಗೆಳೆಯ ಎಲೆ ನೋಡದೆ ಬ್ಲೈಂಡ್ ಆಡುತ್ತಿದ್ದ. ಒಂದು ರಾತ್ರಿ ಅವನು ಸೋತ 2,800 ರೂಪಾಯಿ ಪರೀಕ್ಷೆ ಫೀ ಎಂದು ನನಗೆ ಗೊತ್ತಿತ್ತು. ಆದರೂ ಏಳಲಿಲ್ಲ. ಗೆದ್ದವನು ಏಳಬಾರದಲ್ಲ, ಪದ್ಧತಿ!

ನಾನು ಮೋಸ ಮಾಡಿರಲಿಲ್ಲ. ಅದೇ ಸಮಾಧಾನದಲ್ಲಿ ವಾರಗಟ್ಟಲೆ ಇದ್ದೆ. ಕಾರ್ಡಾನೊನನ್ನು ಓದಿದ ದಿನ ಆ ಸಮಾಧಾನ ಹೋಯಿತು. ತಕ್ಕಡಿ ನನ್ನ ಕಡೆ ವಾಲಿತ್ತು, ಅದು ನನಗೆ ಗೊತ್ತಿತ್ತು. ಹಣ ವಾಪಸ್ ಕೊಡಲು ಹೋದರೆ ಗೆಳೆಯ ಮೊದಲು ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಅವನು ಮನೆಯಲ್ಲಿ ಸುಳ್ಳು ಹೇಳಿ ಮತ್ತೆ ದುಡ್ಡು ತರಿಸಿಕೊಂಡಿದ್ದ. ಆ ಹಣ ಕಬ್ಬಿನ ಬಿಲ್ಲಿನದು. ಅದನ್ನು ಅವನಿಂದ ಅವನ ಅಪ್ಪನಿಗೆ ಮುಟ್ಟಿಸಿದ ಮೇಲೆ ನನಗೆ ನಿದ್ದೆ ಬಂತು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿತು. ಬಾಗಿಲು ಹಾಕಿದ ಕೋಣೆಯೊಳಗೆ ಕಾವಲು ನಾವೇ ಇರಬೇಕು. ನಮ್ಮ ಕೋಣೆಯಲ್ಲಿ ಎಲೆ ಈಗಲೂ ಇವೆ, ದುಡ್ಡಿಲ್ಲದೆ ಆಡುತ್ತೇವೆ. ಮೊದಲಿನ ಮಜಾ ಬರುವುದಿಲ್ಲ, ನಿಜ. ಆದರೆ ಆಟ ಮುಗಿದ ಮೇಲೆ ಐದೂ ಮಂದಿ ಕೂಡಿಯೇ ಚಹಾ ಕುಡಿಯಲು ಹೋಗುತ್ತೇವೆ. ಮೊದಲು ಒಬ್ಬನಾದರೂ ಕೋಣೆಯಲ್ಲೇ ಉಳಿಯುತ್ತಿದ್ದ.