ಹರಿಗೋಲನ್ನು ನೆಚ್ಚಿದ ಸೇನಾಪತಿ

ಹರಿಗೋಲು ಎಂದರೆ ದೋಣಿ ಕಟ್ಟಲು ಬಾರದವರು ಮಾಡಿಕೊಂಡ ಬುಟ್ಟಿ ಎಂದು ಹಲವರು ತಿಳಿದಿದ್ದಾರೆ. ತುಂಗಭದ್ರೆಯಲ್ಲಿ ತೆಪ್ಪ ನೋಡಿ ಬೆಳೆದ ಸಾರಥಿ, ಹರಿಹರದ ಕಡೆಯವರಲ್ಲೂ ಕೆಲವರು ಹಾಗೇ ಅಂದುಕೊಳ್ಳುವುದುಂಟು. ಆದರೆ ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ಸೇನಾಪತಿ ನಮ್ಮ ನಾಡಿನಲ್ಲಿ ನೆಚ್ಚಿಕೊಂಡಿದ್ದು ಇದೇ ಬುಟ್ಟಿಯನ್ನು.

ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನಲ್ಲಿ. ಭಾರತಕ್ಕೆ ಬಂದಿದ್ದು 1797ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯಾ ವಾಘ್ ದಂಡು ಕಟ್ಟಿ ಕಂಪನಿಗೆ ಎದುರು ನಿಂತ. ಅವನ ಬೆನ್ನು ಹತ್ತಿದ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ಹೊಳೆ ದಾಟಿ ರಾಣೆಬೆನ್ನೂರಿನ ಕೋಟೆ ಹಿಡಿದ. ಸೆಪ್ಟೆಂಬರ್ 10ರಂದು ಧೋಂಡಿಯಾ ಕಾಳಗದಲ್ಲಿ ಸತ್ತ. ಅನಾಥನಾದ ಅವನ ಪುಟ್ಟ ಮಗನನ್ನು ವೆಲ್ಲೆಸ್ಲಿಯೇ ಪೋಷಿಸಿದ.

ಮಳೆಗಾಲದಲ್ಲಿ ಯುದ್ಧ ನಿಲ್ಲಿಸುವುದು ಆಗಿನ ವಾಡಿಕೆ. ವೆಲ್ಲೆಸ್ಲಿಯ ಲೆಕ್ಕ ಬೇರೆಯಿತ್ತು. ಹೊಳೆ ತುಂಬಿದರೆ ಮರಾಠರ ಕುದುರೆ ದಂಡು ಆಚೆ ದಡದಲ್ಲೇ ಉಳಿಯುತ್ತದೆ, ದೋಣಿ ಸಿದ್ಧವಿಟ್ಟುಕೊಂಡವನು ದಾಟುತ್ತಾನೆ. 1803ರ ಮಾರ್ಚ್‌ನಲ್ಲಿ ಹರಿಹರದಿಂದ ಪುಣೆಗೆ ಹೊರಟ ಅವನ ಸೇನೆ ಆಗಸ್ಟ್‌ನಲ್ಲಿ ತುಂಬಿದ ಗೋದಾವರಿಯನ್ನು ದಾಟಿದ್ದು ಎತ್ತಿನ ಚರ್ಮ ಹೊದಿಸಿದ ಬುಟ್ಟಿದೋಣಿಗಳಲ್ಲಿ. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಗೆದ್ದ.

ಬುಟ್ಟಿ ಅಷ್ಟು ಭಾರ ಹೊರುವುದು ಹೇಗೆ? ನಾವೇ ಲೆಕ್ಕ ಹಾಕೋಣ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 3 ಮೀಟರ್ ಅಗಲದ ಚಪ್ಪಟೆ ತಳದ ಹರಿಗೋಲು ನೀರಿನಲ್ಲಿ 10 ಸೆಂಟಿಮೀಟರ್ ಇಳಿದರೆ ಸರಿಯುವ ನೀರು ಸುಮಾರು 700 ಲೀಟರ್, ಅಂದರೆ 700 ಕಿಲೋ. ಬುಟ್ಟಿಯ ತೂಕ ಕಳೆದರೆ ಉಳಿದಿದ್ದೆಲ್ಲ ಸರಕಿಗೆ. ಹೆಚ್ಚು ಆಳ ಇಳಿಯದ ಕಾರಣ ಬಂಡೆಗಳಿರುವ ಹೊಳೆಗೂ ಒಗ್ಗುತ್ತದೆ. ಬಿದಿರು, ಚರ್ಮ ಸಿಕ್ಕಲ್ಲೇ ಕಟ್ಟಿಕೊಳ್ಳಬಹುದು. ಮುಂದು ಹಿಂದು ಎಂಬುದಿಲ್ಲದ್ದರಿಂದ ಗಿರಗಿರ ತಿರುಗುತ್ತದೆ, ಅಷ್ಟೇ. ಹುಟ್ಟು ಹಾಕುವ ಅಂಬಿಗನ ಕೈಚಳಕ ಅದನ್ನು ಹತೋಟಿಗೆ ತರುತ್ತದೆ. ಅಪಾಯವಿರುವುದು ಮಿತಿಮೀರಿ ಜನ ಹತ್ತಿದಾಗ, ಎಲ್ಲರೂ ಒಂದೇ ಕಡೆ ವಾಲಿದಾಗ.

ವೆಲ್ಲೆಸ್ಲಿ 1805ರಲ್ಲಿ ಭಾರತ ಬಿಟ್ಟ. ವೆಲ್ಲಿಂಗ್ಟನ್ ಡ್ಯೂಕ್ ಎನಿಸಿ 1815ರಲ್ಲಿ ವಾಟರ್ಲೂ ಗೆದ್ದ, 1828ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ, 1852ರಲ್ಲಿ ತೀರಿಕೊಂಡ. ಅವನ ಗೆಲುವುಗಳ ಪಟ್ಟಿಯಲ್ಲಿ ಹರಿಗೋಲು ಕಾಣುವುದಿಲ್ಲ. ಆದರೆ ದಡ ದಾಟದ ಸೇನೆಗೆ ಯುದ್ಧವೇ ಇಲ್ಲ. ಬುಟ್ಟಿ ಹೆಣೆಯುವವರದು, ಹುಟ್ಟು ಹಾಕುವವರದು ದಡ್ಡರ ಕೆಲಸವಲ್ಲ, ಅನುಭವದಿಂದ ಪಳಗಿದ ವಿಜ್ಞಾನ.