ಗಟ್ಟಿಯೂ ಇರಬೇಕು, ಖರ್ಚೂ ಕಡಿಮೆ ಇರಬೇಕು
(ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು)

ವಿಶ್ವೇಶ್ವರಯ್ಯ ಎಂದ ಕೂಡಲೇ ಎಲ್ಲರೂ ಕನ್ನಂಬಾಡಿ ಕಟ್ಟೆ ಎನ್ನುತ್ತಾರೆ. ಕಾಮರ್ಸ್ ಓದುತ್ತಿರುವ ನನಗೆ ಇಷ್ಟವಾಗಿದ್ದು ಅವರ ಖರ್ಚಿನ ಲೆಕ್ಕ.

ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1908ರ ಮೂಸಿ ನದಿ ಪ್ರವಾಹದ ನಂತರ ನಿಜಾಮರ ಸರ್ಕಾರ ಅವರನ್ನು ಹೈದರಾಬಾದಿಗೆ ಕರೆಸಿಕೊಂಡಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು.

ನಮ್ಮ ತರೀಕೆರೆಗೂ ಅವರಿಗೂ ನಂಟಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. 1923ರಲ್ಲಿ ಕಾರ್ಖಾನೆ ಶುರುವಾದ ಮೇಲೆ ನಷ್ಟವಾಯಿತು, ಟೀಕೆಯೂ ಬಂತು. ಆಗ ಅವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಖರ್ಚು ತಗ್ಗಿಸಿದರು.

ಬಿಹಾರದಲ್ಲಿ ಗಂಗೆಗೆ ಸೇತುವೆ ಕಟ್ಟಲು ಜಾಗ ಹುಡುಕುವಾಗ ಅವರಿಗೆ ತೊಂಬತ್ತು ದಾಟಿತ್ತು. ಆರಿಸಿದ್ದು ಮೊಕಾಮಾ. ಸುಮಾರು 2 ಕಿಲೋಮೀಟರ್ ಉದ್ದದ ಆ ರಾಜೇಂದ್ರ ಸೇತು 1959ರಲ್ಲಿ ತೆರೆಯಿತು. ಅದು ಉಕ್ಕಿನ ಟ್ರಸ್ ಸೇತುವೆ: ಮೇಲೆ ರಸ್ತೆ, ಕೆಳಗೆ ರೈಲು.

ಟ್ರಸ್ ಎಂದರೆ ತ್ರಿಕೋನಗಳ ಜೋಡಣೆ. ನನ್ನ ಅಬ್ಬಾ ಅಡಿಕೆ ಶೆಡ್ಡುಗಳಿಗೆ ಟ್ರಸ್ ವೆಲ್ಡಿಂಗ್ ಮಾಡುತ್ತಾರೆ. ನಾಲ್ಕು ಪಟ್ಟಿಯ ಚೌಕ ತಳ್ಳಿದರೆ ವಾಲುತ್ತದೆ. ಓರೆಪಟ್ಟಿ ಹಾಕಿದರೆ ನಿಲ್ಲುತ್ತದೆ. ಟ್ರಸ್ಸಿನ ಎತ್ತರ ಎರಡರಷ್ಟಾದರೆ ಮೇಲಿನ ಮತ್ತು ಕೆಳಗಿನ ಪಟ್ಟಿಗಳ ಮೇಲಿನ ಬಲ ಅರ್ಧವಾಗುತ್ತದೆ. ಆದ್ದರಿಂದ ಕಡಿಮೆ ಕಬ್ಬಿಣದಲ್ಲೇ ಗಟ್ಟಿತನ ಸಿಗುತ್ತದೆ. ಕೆಲವು ಗಿರಾಕಿಗಳು ದುಡ್ಡು ಉಳಿಸಲು ಓರೆಪಟ್ಟಿ ಬಿಡಿ ಎನ್ನುತ್ತಾರೆ; ಅಬ್ಬಾ ಒಪ್ಪುವುದಿಲ್ಲ.

ಕಂಬಗಳದ್ದೂ ಲೆಕ್ಕವೇ. ಕಂಬ ಕಡಿಮೆ ಮಾಡಿದರೆ ಅಂತರ ಹೆಚ್ಚುತ್ತದೆ. ಅಂತರ ಎರಡರಷ್ಟಾದರೆ, ಮೀಟರಿಗೆ ಅಷ್ಟೇ ಭಾರವಿದ್ದರೂ, ಬಾಗಿಸುವ ಒತ್ತಡ ನಾಲ್ಕರಷ್ಟಾಗುತ್ತದೆ. ಒಂದು ಕಂಬದ ಖರ್ಚು ಮತ್ತು ಒಂದು ಅಂತರದ ಮುಖ್ಯ ತೊಲೆಗಳ ಖರ್ಚು ಹೆಚ್ಚುಕಡಿಮೆ ಸಮವಾದರೆ ಒಟ್ಟು ವೆಚ್ಚ ಕಡಿಮೆ ಎಂಬುದು ಎಂಜಿನಿಯರುಗಳ ಹಳೆಯ ಸೂತ್ರ. ಆದ್ದರಿಂದಲೇ ನಕ್ಷೆಗಿಂತ ಮೊದಲು ಒಳ್ಳೆಯ ಜಾಗ ಬೇಕು.

1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ ತೀರಿಕೊಂಡರು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಬರುವ ಗೆಳೆಯ ಗೆಳತಿಯರೇ, ನಿಮ್ಮೂರಿನ ಹಳ್ಳ ತುಂಬಿದರೆ ಮಕ್ಕಳು ಶಾಲೆ ತಪ್ಪಿಸಿಕೊಳ್ಳುತ್ತಾರೆಯೇ? ಬೇಸಿಗೆಯಲ್ಲೇ ಅದರ ಅಗಲ ಅಳೆಯಿರಿ, ದಡ ಎಲ್ಲಿ ಗಟ್ಟಿಯಿದೆ ನೋಡಿ, ನೀರು ಎಲ್ಲಿಯವರೆಗೆ ಏರುತ್ತದೆಂದು ಹಿರಿಯರನ್ನು ಕೇಳಿ ಬರೆದಿಡಿ. ಕಾಲುಸೇತುವೆಗೆ ಅರ್ಜಿ ಕೊಡುವಾಗ ಈ ಲೆಕ್ಕವನ್ನೂ ಜೊತೆಗಿಡಿ.