ಮೈದಾನವನ್ನು ಬಲ್ಲ ನ್ಯಾಯಮೂರ್ತಿಯ ಭಿನ್ನಮತ

1984ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದು ಆ ದೇಶದ ಕಾಲೇಜು ಕ್ರೀಡೆಯ ಭೂಪಟವನ್ನೇ ಬದಲಿಸಿತು. ಕಾಲೇಜು ಫುಟ್‌ಬಾಲ್ ಪಂದ್ಯಗಳ ಟೆಲಿವಿಷನ್ ಹಕ್ಕನ್ನು ಒಂದೇ ಸಂಸ್ಥೆಯ ಮುಷ್ಟಿಯಿಂದ ಬಿಡಿಸಿದ ಆ ತೀರ್ಪನ್ನು ಏಳು ಮಂದಿ ನ್ಯಾಯಮೂರ್ತಿಗಳು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಭಿನ್ನಮತವನ್ನು ಬರೆದವರು ಬೈರನ್ ವೈಟ್. ಒಂಬತ್ತು ಮಂದಿಯ ಆ ಪೀಠದಲ್ಲಿ ಕಾಲೇಜು ಫುಟ್‌ಬಾಲ್ ಆಡಿ ದೇಶದಾದ್ಯಂತ ಹೆಸರಾಗಿದ್ದವರು ಅವರೊಬ್ಬರೇ.

ವೈಟ್ ಹುಟ್ಟಿದ್ದು 1917ರ ಜೂನ್ 8ರಂದು, ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಬೆಳೆದದ್ದು ಸಮೀಪದ ವೆಲಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ. ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಬೇಸಾಯವೇ ಆ ಸೀಮೆಯ ಜೀವನಾಧಾರ. ತಂದೆ ಮರಮುಟ್ಟಿನ ಮಳಿಗೆಯೊಂದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅಣ್ಣತಮ್ಮಂದಿರಿಬ್ಬರೂ ಬೀಟ್ ಹೊಲಗಳಲ್ಲಿ ಕೂಲಿ ಮಾಡುತ್ತಲೇ ಓದಿದರು. ಪ್ರೌಢಶಾಲೆಯಲ್ಲಿ ತರಗತಿಗೆ ಮೊದಲಿಗರಾಗಿ ತೇರ್ಗಡೆಯಾದವರಿಗೆ ಕೊಲರಾಡೋ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ನೀಡುತ್ತಿತ್ತು. ಬೈರನ್ ಅದನ್ನು ಪಡೆದೇ ಬೌಲ್ಡರ್ ನಗರದ ಆ ವಿಶ್ವವಿದ್ಯಾಲಯವನ್ನು ಸೇರಿದರು. ಅವರಿಗೆ ಕಾಲೇಜಿನ ಬಾಗಿಲು ತೆರೆದದ್ದು ಅಂಕಗಳೇ ಹೊರತು ಚೆಂಡಲ್ಲ ಎಂಬುದನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

1937ರ ನಿಯಮಿತ ಋತುವಿನಲ್ಲಿ ಕೊಲರಾಡೋ ತಂಡ ತನ್ನ ಎಂಟೂ ಪಂದ್ಯಗಳನ್ನು ಗೆದ್ದಿತು. ಹಾಫ್‌ಬ್ಯಾಕ್ ಆಟಗಾರ ವೈಟ್ 122 ಅಂಕ ಗಳಿಸಿ ಇಡೀ ದೇಶಕ್ಕೆ ಅಗ್ರಗಣ್ಯರೆನಿಸಿದರು. ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೀಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಅವರದು ಎರಡನೆಯ ಸ್ಥಾನ. ಪತ್ರಕರ್ತರೊಬ್ಬರು ಅವರ ಬಿರುಸಿನ ಓಟವನ್ನು ಕಂಡು ‘ವಿಜ್ಜರ್’ ಎಂಬ ಅಡ್ಡಹೆಸರಿಟ್ಟರು. ವೈಟ್ ಅದನ್ನು ಜೀವನಪೂರ್ತಿ ಸಹಿಸಲಿಲ್ಲ. ಹೆಸರು ಮಾತ್ರ ಅವರನ್ನು ಬಿಡಲೂ ಇಲ್ಲ.

1938ರಲ್ಲಿ ಪದವಿ ಮುಗಿದಾಗ ಎರಡು ಕರೆಗಳು ಒಟ್ಟಿಗೇ ಬಂದವು. ಒಂದು ಆಕ್ಸ್‌ಫರ್ಡ್‌ಗೆ ಒಯ್ಯುವ ರೋಡ್ಸ್ ವಿದ್ಯಾರ್ಥಿವೇತನ, ಇನ್ನೊಂದು ಪಿಟ್ಸ್‌ಬರ್ಗ್‌ನ ವೃತ್ತಿಪರ ತಂಡದಿಂದ 15,800 ಡಾಲರ್ ವೇತನ. ವೃತ್ತಿಪರ ಲೀಗಿನಲ್ಲಿ ಆಗ ಅಷ್ಟು ಹಣ ಪಡೆಯುವವರು ಬೇರೊಬ್ಬರಿರಲಿಲ್ಲ. ಆಕ್ಸ್‌ಫರ್ಡ್ ಕೆಲವು ತಿಂಗಳ ಕಾಲಾವಕಾಶ ಕೊಟ್ಟಿತು. ವೈಟ್ ಒಂದು ಋತು ಆಡಿ, ಚೆಂಡು ಹಿಡಿದು ಓಡಿದ ದೂರದಲ್ಲಿ ಲೀಗಿಗೇ ಮೊದಲಿಗರಾಗಿ, 1939ರ ಆರಂಭದಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯ ಮಗ ಜಾನ್ ಕೆನಡಿ ಪರಿಚಯವಾದರು. ಯುದ್ಧ ಸಿಡಿದಾಗ ತಾಯ್ನಾಡಿಗೆ ಮರಳಿ ಯೇಲ್‌ನಲ್ಲಿ ಕಾನೂನು ಓದುತ್ತಲೇ ಡೆಟ್ರಾಯಿಟ್ ತಂಡಕ್ಕೆ ಎರಡು ಋತು ಆಡಿದರು. ಬಳಿಕ ನೌಕಾಪಡೆಯ ಗುಪ್ತಚರ ವಿಭಾಗ ಸೇರಿದರು. ಪೆಸಿಫಿಕ್ ಸಾಗರದಲ್ಲಿ ಕೆನಡಿಯವರ ಟಾರ್ಪೆಡೊ ದೋಣಿ ಮುಳುಗಿದಾಗ ಅದರ ಅಧಿಕೃತ ವರದಿ ಬರೆದವರಲ್ಲಿ ವೈಟ್ ಕೂಡ ಒಬ್ಬರು.

1946ರಲ್ಲಿ ಅವರು ಮೇರಿಯನ್ ಸ್ಟರ್ನ್ಸ್ ಅವರನ್ನು ವಿವಾಹವಾದರು. ಮಾವ ರಾಬರ್ಟ್ ಸ್ಟರ್ನ್ಸ್ ಕೊಲರಾಡೋ ವಿಶ್ವವಿದ್ಯಾಲಯದ ಅಧ್ಯಕ್ಷರು. ಮರುವರ್ಷವೇ, ಅವರ ಆಡಳಿತದಲ್ಲಿ, ವಿಶ್ವವಿದ್ಯಾಲಯ ತನ್ನ ಹಳೆಯ ಕಾನ್ಫರೆನ್ಸ್ ತೊರೆದು ಕಾನ್ಸಾಸ್, ನೆಬ್ರಾಸ್ಕ, ಒಕ್ಲಹೋಮಗಳಿದ್ದ ಕೂಟವನ್ನು ಸೇರಲು ನಿರ್ಧರಿಸಿತು. ಅಲ್ಲಿ ಕಾನ್ಫರೆನ್ಸ್ ಎಂದರೆ ಸಭೆಯಲ್ಲ. ಪರಸ್ಪರ ಪಂದ್ಯವಾಡಲು ವಿಶ್ವವಿದ್ಯಾಲಯಗಳು ಕಟ್ಟಿಕೊಳ್ಳುವ ಬಳಗ ಅದು. ಒಂದು ಬಳಗ ಬಿಟ್ಟು ಮತ್ತೊಂದನ್ನು ಸೇರುವುದು ಟೆಲಿವಿಷನ್ ಹುಟ್ಟುಹಾಕಿದ ಚಾಳಿಯೇನಲ್ಲ. ವೈಟ್ ಪದವಿ ಮುಗಿಸಿದ ವರ್ಷವೇ ಕೊಲರಾಡೋ ಸೇರಿದಂತೆ ಏಳು ವಿಶ್ವವಿದ್ಯಾಲಯಗಳು ರಾಕಿ ಮೌಂಟನ್ ಕಾನ್ಫರೆನ್ಸಿನಿಂದ ಹೊರಬಂದಿದ್ದವು. ಆದರೆ ಆಗಿನ ಬಳಗಗಳಿಗೆ ಭೂಗೋಳದ ಹಂಗಿತ್ತು. ರೈಲಿನಲ್ಲಿ ಹೋಗಿಬರಬಹುದಾದಷ್ಟು ದೂರದಲ್ಲೇ ಎದುರಾಳಿಗಳಿದ್ದರು.

ಡೆನ್ವರ್‌ನಲ್ಲಿ ಹದಿಮೂರು ವರ್ಷ ವಕೀಲಿ ನಡೆಸಿದ ವೈಟ್ ಅವರನ್ನು 1961ರಲ್ಲಿ ಅಧ್ಯಕ್ಷ ಕೆನಡಿ ನ್ಯಾಯಾಂಗ ಇಲಾಖೆಗೆ ಕರೆಸಿಕೊಂಡರು. ಬಸ್ಸುಗಳಲ್ಲಿ ವರ್ಣಭೇದವನ್ನು ಪ್ರತಿಭಟಿಸಿ ಹೊರಟಿದ್ದ ಯಾತ್ರಿಗಳ ಮೇಲೆ ಅಲಬಾಮದ ಮಾಂಟ್‌ಗೊಮರಿಯಲ್ಲಿ ಹಲ್ಲೆ ನಡೆದಾಗ, ರಕ್ಷಣೆಗೆ ಹೋದ ನೂರಾರು ಫೆಡರಲ್ ಮಾರ್ಷಲ್‌ಗಳ ಹೊಣೆ ಹೊತ್ತವರು ಇವರೇ. 1962ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕವಾಯಿತು. ಗರ್ಭಪಾತದ ಹಕ್ಕನ್ನು ಮಾನ್ಯ ಮಾಡಿದ 1973ರ ತೀರ್ಪಿಗೂ ಅವರು ಭಿನ್ನಮತ ಬರೆದರು. ಕೆನಡಿ ನೇಮಿಸಿದ ನ್ಯಾಯಮೂರ್ತಿಯಿಂದ ಉದಾರವಾದವನ್ನು ನಿರೀಕ್ಷಿಸಿದ್ದವರಿಗೆ ಅವರೊಂದು ಒಗಟಾಗಿಯೇ ಉಳಿದರು. ನ್ಯಾಯಾಲಯ ಕಟ್ಟಡದ ಮೇಲಂತಸ್ತಿನ ಅಂಗಳದಲ್ಲಿ ತಮ್ಮ ಕಾನೂನು ಗುಮಾಸ್ತರೊಂದಿಗೆ ಅವರು ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಅಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ.

ಇನ್ನು ಟೆಲಿವಿಷನ್ ವಿಚಾರ. ಪಂದ್ಯ ಮನೆಯಲ್ಲೇ ಕಂಡರೆ ಕ್ರೀಡಾಂಗಣಕ್ಕೆ ಯಾರು ಬಂದಾರು ಎಂಬ ಭಯದಿಂದ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ 1951ರಿಂದಲೇ ಪ್ರಸಾರಕ್ಕೆ ಕಡಿವಾಣ ಹಾಕಿತ್ತು. 1982ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಯೋಜನೆಗೆ ಎಬಿಸಿ ಮತ್ತು ಸಿಬಿಎಸ್ ಜಾಲಗಳು ತಲಾ 13 ಕೋಟಿ 17.5 ಲಕ್ಷ ಡಾಲರ್ ಕೊಡಲು ಒಪ್ಪಿದ್ದವು. ಯಾವ ತಂಡವೂ ಎರಡು ವರ್ಷಗಳಲ್ಲಿ ಆರಕ್ಕಿಂತ ಹೆಚ್ಚು ಸಲ ತೆರೆಯ ಮೇಲೆ ಬರುವಂತಿರಲಿಲ್ಲ. ಹಣದ ಹಂಚಿಕೆಯ ವೈಚಿತ್ರ್ಯವನ್ನು 1981ರ ಒಂದು ವಾರಾಂತ್ಯವೇ ತೋರಿಸಿತ್ತು. ಒಕ್ಲಹೋಮ ಮತ್ತು ದಕ್ಷಿಣ ಕ್ಯಾಲಿಫೋರ್ನಿಯ ತಂಡಗಳ ಪಂದ್ಯ ಇನ್ನೂರಕ್ಕೂ ಮಿಕ್ಕ ಕೇಂದ್ರಗಳಲ್ಲಿ ಪ್ರಸಾರವಾಯಿತು. ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ತಂಡಗಳ ಪಂದ್ಯವನ್ನು ತೋರಿಸಿದ್ದು ಕೇವಲ ನಾಲ್ಕು ಕೇಂದ್ರಗಳು. ನಾಲ್ಕೂ ತಂಡಗಳಿಗೆ ಸಿಕ್ಕ ಹಣ ಮಾತ್ರ ಒಂದೇ. ದೊಡ್ಡವರಿಗೆ ಇದು ಸುಲಿಗೆಯಾಗಿ ಕಂಡದ್ದರಲ್ಲಿ ಅಚ್ಚರಿಯಿಲ್ಲ. ಒಕ್ಲಹೋಮ ಹಾಗೂ ಜಾರ್ಜಿಯ ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೆಟ್ಟಿಲೇರಿದವು. ಈ ಒಕ್ಲಹೋಮ, ವೈಟ್ ಅವರ ಕೊಲರಾಡೋ ಇದ್ದ ಬಳಗದ ಸದಸ್ಯನೇ.

ಬೆಲೆಯನ್ನೂ ಪ್ರಸಾರದ ಪ್ರಮಾಣವನ್ನೂ ಕೃತಕವಾಗಿ ಬಿಗಿಹಿಡಿಯುವ ಈ ಯೋಜನೆ ಏಕಸ್ವಾಮ್ಯ ವಿರೋಧಿ ಷೆರ್ಮನ್ ಕಾಯಿದೆಗೆ ವಿರುದ್ಧವೆಂದು ನ್ಯಾಯಮೂರ್ತಿ ಸ್ಟೀವನ್ಸ್ ಬಹುಮತದ ಪರವಾಗಿ ಬರೆದರು. ವೈಟ್ ಅವರ ವಾದದ ಬೇರು ಬೇರೆಡೆ ಇತ್ತು. ಕಾಲೇಜು ಕ್ರೀಡೆಯನ್ನು ಲಾಭದ ವ್ಯಾಪಾರವೆಂದು ಅಳೆಯುವುದೇ ತಪ್ಪು ಎಂದರು ಅವರು. ಟೆಲಿವಿಷನ್ ಹಣ ಎಲ್ಲರಿಗೂ ಹಂಚಿಹೋದರೆ ಗೆಲ್ಲಲೇಬೇಕೆಂಬ ಒತ್ತಡ ತಗ್ಗುತ್ತದೆ, ಗೆದ್ದವರಿಗೇ ಸುರಿದರೆ ಶಿಕ್ಷಣ ಹಿಂದೆ ಸರಿಯುತ್ತದೆ ಎಂಬುದು ಅವರ ತರ್ಕ. ಜೊತೆಗೂಡಿದವರು ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಮಾತ್ರ.

ಈ ವಾದದಲ್ಲಿ ಒಂದು ಕುರುಡು ಮೂಲೆಯೂ ಇತ್ತು. ವೈಟ್ ಕಾಪಾಡಬಯಸಿದ ವ್ಯವಸ್ಥೆ ಕೋಟ್ಯಂತರ ಡಾಲರುಗಳನ್ನು ವಿಶ್ವವಿದ್ಯಾಲಯಗಳಿಗೆ ಹಂಚುತ್ತಿತ್ತು, ಮೈದಾನದಲ್ಲಿ ಮೂಳೆ ಮುರಿಸಿಕೊಳ್ಳುವ ಹುಡುಗರಿಗೆ ವಿದ್ಯಾರ್ಥಿವೇತನದಾಚೆ ಏನನ್ನೂ ಕೊಡುತ್ತಿರಲಿಲ್ಲ. ಒಂದೇ ಋತುವಿಗೆ 15,800 ಡಾಲರ್ ಎಣಿಸಿಕೊಂಡಿದ್ದವರಿಗೆ ಆಟದ ಬೆಲೆ ತಿಳಿಯದ ಸಂಗತಿಯೇನಾಗಿರಲಿಲ್ಲ. ಆದರೆ ಈ ವಿಷಯದಲ್ಲಿ ಬಹುಮತದವರೂ ಭಿನ್ನವಾಗಿರಲಿಲ್ಲ. ಆಟಗಾರರಿಗೆ ವೇತನವಿಲ್ಲದ ಪದ್ಧತಿಯನ್ನು ಸ್ಟೀವನ್ಸ್ ತೀರ್ಪು ಹೊಗಳಿತ್ತು. ಆ ಮಾತುಗಳನ್ನು ಎನ್‌ಸಿಎಎ ಮೂರು ದಶಕಕ್ಕೂ ಹೆಚ್ಚು ಕಾಲ ಗುರಾಣಿಯಂತೆ ಬಳಸಿತು.

ವೈಟ್ ಅಂಜಿದ್ದು ನಿಜವಾಯಿತೇ ಎಂಬುದಕ್ಕೆ ಅವರ ವಿಶ್ವವಿದ್ಯಾಲಯದ ಅಲೆದಾಟವನ್ನೇ ನೋಡಬಹುದು. 1984ರ ನಂತರ ಮಾರುಕಟ್ಟೆಗೆ ಪಂದ್ಯಗಳು ಒಮ್ಮೆಲೇ ನುಗ್ಗಿ ದರ ಮೊದಲಿಗೆ ಕುಸಿದರೂ, ಕ್ರಮೇಣ ಹಕ್ಕು ಮಾರುವ ಅಂಗಡಿಗಳು ಕಾನ್ಫರೆನ್ಸ್‌ಗಳೇ ಆದವು. ಹೆಚ್ಚು ವೀಕ್ಷಕರಿರುವ ನಗರಗಳನ್ನು ಬುಟ್ಟಿಗೆ ಹಾಕಿಕೊಂಡವರಿಗೆ ಹೆಚ್ಚು ಹಣ. ಕೊಲರಾಡೋ ಇದ್ದ ಬಿಗ್ ಎಯ್ಟ್, ಟೆಕ್ಸಾಸಿನ ನಾಲ್ಕು ವಿಶ್ವವಿದ್ಯಾಲಯಗಳನ್ನು ಕೂಡಿಕೊಂಡು 1996ರಲ್ಲಿ ಬಿಗ್ ಟ್ವೆಲ್ವ್ ಆಯಿತು. 2011ರಲ್ಲಿ ಕೊಲರಾಡೋ ಪಶ್ಚಿಮ ಕರಾವಳಿಯ ಪ್ಯಾಕ್ ಟ್ವೆಲ್ವ್‌ಗೆ ಹಾರಿತು. ಆ ಕೂಟಕ್ಕೆ ಹೊಸ ಪ್ರಸಾರ ಒಪ್ಪಂದ ಕುದುರದೆ ಹೋದಾಗ 2023ರ ಜುಲೈನಲ್ಲಿ ಹಳೆಯ ಮನೆಗೇ ಮರಳುವುದಾಗಿ ಪ್ರಕಟಿಸಿ, 2024ರಲ್ಲಿ ಮರಳಿತು. ಅದರ ಬೆನ್ನಿಗೇ ಇತರರೂ ಗಂಟುಮೂಟೆ ಕಟ್ಟಿದರು. ಹನ್ನೆರಡರಲ್ಲಿ ಉಳಿದದ್ದು ಎರಡೇ. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್, ಅಟ್ಲಾಂಟಿಕ್ ಕೋಸ್ಟ್ ಎಂಬ ಹೆಸರಿನ ಕಾನ್ಫರೆನ್ಸ್ ಸೇರಿತು. 2022ರಲ್ಲಿ ಏಳು ವರ್ಷಗಳಿಗೆ ಸುಮಾರು 700 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ ಬಿಗ್ ಟೆನ್‌ನಲ್ಲಿ, ಹೆಸರು ಹತ್ತಾದರೂ, 2024ರ ಹೊತ್ತಿಗೆ ಹದಿನೆಂಟು ಸದಸ್ಯರಿದ್ದರು. ಮೊಕದ್ದಮೆ ಹೂಡಿದ್ದ ಒಕ್ಲಹೋಮ ಅದೇ ವರ್ಷ ತನ್ನ ಹಳೆಯ ಬಳಗವನ್ನು ಬಿಟ್ಟು, ಜಾರ್ಜಿಯ ಇದ್ದ ಕೂಟಕ್ಕೆ ಹೋಯಿತು.

1993ರಲ್ಲಿ ವೈಟ್ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ರೂತ್ ಬೇಡರ್ ಗಿನ್ಸ್‌ಬರ್ಗ್. 2002ರ ಏಪ್ರಿಲ್ 15ರಂದು ಡೆನ್ವರ್‌ನಲ್ಲಿ, 84ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ನಿವೃತ್ತಿಯ ಹೊಸತರಲ್ಲಿ ಅವರ ಬಳಿ ಕಾನೂನು ಗುಮಾಸ್ತನಾಗಿ ದುಡಿದಿದ್ದ ಡೆನ್ವರ್‌ನ ತರುಣ ನೀಲ್ ಗೋರ್ಸಚ್ ಮುಂದೆ ತಾವೂ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಆಟಗಾರರ ಶೈಕ್ಷಣಿಕ ಸವಲತ್ತುಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿಯನ್ನು ತಳ್ಳಿಹಾಕಿದ 2021ರ ಸರ್ವಾನುಮತದ ತೀರ್ಪನ್ನು ಬರೆದವರು ಅವರೇ. 1984ರ ತೀರ್ಪಿನ ಹೊಗಳಿಕೆಯ ಮಾತುಗಳಿಗೆ ನ್ಯಾಯಾಲಯ ಬದ್ಧವಲ್ಲವೆಂದು ಅದರಲ್ಲಿ ಸ್ಪಷ್ಟಪಡಿಸಿದರು. 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವೊಂದು ಅನುಮೋದಿಸಿದ ರಾಜಿ ಒಪ್ಪಂದದಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವಾಯಿತು. ಮೊದಲ ವರ್ಷದ ಮಿತಿ, ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್.